ಸೀಲ್ ಬಂಡೆಯ ಆರು ಗಾಯಗಳು

ಸತ್ತು ತೇಲುತ್ತಿದ್ದ ಸೀಲ್ ಒಂದನ್ನು ಸ್ಟೂರೆ ತನ್ನ ಮೀನುದೋಣಿಯಲ್ಲಿ ಹಾಕಿಕೊಂಡು ದಡಕ್ಕೆ ತಂದ ಭಾನುವಾರವೇ ಸ್ವೀಡನ್ನಿನ ಆ ದ್ವೀಪದ ಜನ ಅವನನ್ನು ಕೊಲೆಗಾರನೆಂದು ತೀರ್ಮಾನಿಸಿಬಿಟ್ಟರು. ಸೀಲ್‌ಗಳು ಬಲೆ ಹರಿಯುತ್ತವೆಂದು ಆ ಮುದುಕ ವರ್ಷಗಳಿಂದ ಗೊಣಗುತ್ತಿದ್ದ. "ಬೆನ್ನ ಮೇಲೆ ಚಾಕುವಿನ ಗಾಯ. ಇನ್ನೇನು ಸಾಕ್ಷಿ ಬೇಕು?" ಎಂದು ಅಲ್ಲೇ ಇದ್ದ ನಮ್ಮ ಕನ್ನಡಿಗ ಆದರ್ಶ, ಸ್ಟೂರೆಯ ಹೆಸರು ಬರೆದು ಫೇಸ್‌ಬುಕ್‌ನಲ್ಲಿ ಫೋಟೊ ಹಾಕಿದ. ಸೋಮವಾರ ಬೆಳಗಾಗುವಷ್ಟರಲ್ಲಿ ಯಾರೋ ಸ್ಟೂರೆಯ ಬಲೆಗಳನ್ನೆಲ್ಲ ಕತ್ತರಿಸಿಹಾಕಿದ್ದರು.

ಅವನು ಬಲೆಯ ಚೂರುಗಳನ್ನು ಹಿಡಿದು ಪ್ರಫುಲ್ಲಕ್ಕನ ಬಾಗಿಲಿಗೆ ಬಂದ. ಮೋಲ್ನ್‌ಡಾಲ್‌ನ ಔಷಧ ಪ್ರಯೋಗಾಲಯದಲ್ಲಿ ಪ್ರಾಣಿಗಳ ಅಂಗಾಂಶ ಪರೀಕ್ಷಿಸುವ ಅಕ್ಕ ಬೇಸಿಗೆಗೆ ಈ ದ್ವೀಪದಲ್ಲಿ ಮನೆ ಹಿಡಿದಿದ್ದಳು. ನಾನು, ಚಿನ್ಮಯಿ, ಅವಳ ಜೊತೆಗಿದ್ದೆ.

ಅಕ್ಕ ದಡಕ್ಕೆ ಹೋಗಿ ಸೀಲ್‌ನ ಗಾಯಗಳನ್ನು ಅಳೆದಳು. ಆರು ಸೀಳು, ಒಂದರ ಪಕ್ಕ ಒಂದು, ನಡುವೆ ನಾಲ್ಕೇ ಬೆರಳಿನ ಅಂತರ. ಆಮೇಲೆ ಕರಾವಳಿ ಕಾವಲಿನವರ ಜೊತೆ ನಾವು ಸೀಲ್ ಬಂಡೆಗೆ ಹೋದೆವು. ಮರಿ ಹಾಕುವ ಕಾಲದಲ್ಲಿ ಅಲ್ಲಿ ದೋಣಿಗಳಿಗೆ ಪ್ರವೇಶವಿಲ್ಲ. ಹಳದಿ ಫಲಕ ದೂರದಿಂದಲೇ ಕಾಣುತ್ತದೆ. ಬಂಡೆಯ ಹಿಂದೆ ಒಂದು ಮರಿ ತಾಯಿಗಾಗಿ ಕೂಗುತ್ತಿತ್ತು.

"ಮರಿ ವಿಷಯ ಯಾರಿಗೂ ಹೇಳ್ಬೇಡ. ನೋಡೋಕೆ ಅಂತ ಇನ್ನೂ ಹತ್ತು ಬೋಟ್ ಬರುತ್ತೆ," ಎಂದಳು ಅಕ್ಕ.

ವಾಪಸ್ ಬಂದಾಗ ಆದರ್ಶ ದಡದಲ್ಲಿದ್ದ. "ಆ ಮುದುಕನ ಲೈಸೆನ್ಸ್ ಕ್ಯಾನ್ಸಲ್ ಮಾಡಿಸ್ಬೇಕು ಮೇಡಂ. ಬಂಡೆ ಹಿಂದಿರೋ ಮರಿಗೆ ಇನ್ನು ಯಾರು ಗತಿ?"

"ನೀವು ಆ ಕಡೆ ಹೋಗಿದ್ರಾ?"

"ಇಲ್ಲಪ್ಪ. ಗುರುವಾರದಿಂದ ನನ್ನ ಬೋಟಿನ ಹಗ್ಗ ಬಿಚ್ಚೇ ಇಲ್ಲ."

ಅಕ್ಕ ಅವನ ಬೋಟನ್ನೊಮ್ಮೆ ನೋಡಿದಳು. ನೀರಿನಿಂದ ಮೇಲೆತ್ತಿಟ್ಟ, ಪಾಚಿ ಹಿಡಿದ ಹಳೆಯ ಮೋಟಾರಿಗೆ ಮಿರಿಮಿರಿ ಮಿಂಚುವ ಹೊಸ ಪ್ರೊಪೆಲರ್ ಇತ್ತು.

ಸಂಜೆ ಅವಳು ಎಲ್ಲರನ್ನೂ ದೋಣಿಮನೆಗೆ ಕರೆಸಿದಳು. ಸ್ಟೂರೆ ಮೂಲೆಯಲ್ಲಿ ನಿಂತ. ಆದರ್ಶನ ಹೆಂಡತಿ ಶೋಭನಾ ಎಲ್ಲರಿಗೂ ಕಾಫಿ ಹಾಕಿಕೊಡುತ್ತಿದ್ದಳು.

"ಒದ್ದಾಡೋ ಪ್ರಾಣಿಗೆ ಚಾಕು ಹಾಕಿದ್ರೆ ಗಾಯ ಇಷ್ಟು ಸಮವಾಗಿ ಬೀಳಲ್ಲ," ಎಂದಳು ಅಕ್ಕ. "ಇದು ಪ್ರೊಪೆಲರ್. ಸ್ಟೂರೆ ದೋಣೀದು ದೊಡ್ಡದು, ಅದರ ಸೀಳು ದೂರ ದೂರ ಬೀಳುತ್ತೆ. ಇದು ಸಣ್ಣ ಬೋಟಿಂದು. ಮರಿ ಇರೋದು ಗೊತ್ತಿದ್ದದ್ದು ಕಾವಲಿನವರಿಗೆ, ನಮ್ಮಿಬ್ಬರಿಗೆ, ಮತ್ತೆ ಆ ಬಂಡೆ ಹತ್ತಿರ ಹೋದವನಿಗೆ. ಗುರುವಾರದಿಂದ ಬಿಚ್ಚದ ಬೋಟಿಗೆ ಹೊಸ ಪ್ರೊಪೆಲರ್ ಯಾಕೆ, ಆದರ್ಶ? ಮರಿ ವಿಷಯ ನಿಮಗೆ ಹೇಗೆ ಗೊತ್ತಾಯ್ತು?"

ಶೋಭನಾಳ ಕೈ ನಿಂತಿತು. "ಗುರುವಾರದಿಂದ? ಶನಿವಾರ ಹೋಗಿದ್ವಲ್ಲ. ಹತ್ತಿರದಿಂದ ಸೀಲ್ ತೋರಿಸ್ತೀನಿ ಅಂತ ನೀವೇ ಕರ್ಕೊಂಡು ಹೋಗಿದ್ದು. ಏನೋ ಬಡಿದಾಗ ಕಲ್ಲು ಅಂದ್ರಿ."

"ಆಕ್ಸಿಡೆಂಟ್ ಮೇಡಂ," ಎಂದ ಆದರ್ಶ.

"ಬಡಿದದ್ದು ಆಕ್ಸಿಡೆಂಟ್ ಇರಬಹುದು. ಫಲಕ ದಾಟಿ ಒಳಗೆ ಹೋದದ್ದು ಆಕ್ಸಿಡೆಂಟಾ? ಈ ಮನುಷ್ಯನ ಹೆಸರು ಬರೆದದ್ದು?" ಅಕ್ಕನ ದನಿ ಏರಿತ್ತು. ಅಷ್ಟು ಸಿಟ್ಟನ್ನು ನಾನು ಅವಳಲ್ಲಿ ಕಂಡಿರಲಿಲ್ಲ. "ಪೊಲೀಸರಿಗೆ ಫೋನ್ ಮಾಡಿ. ನೀವೇ ಹೇಳಿ."

ಅವನು ಮಾಡಿದ. ಎಲ್ಲರೆದುರೇ ಹೇಳಿದ.

ಸ್ಟೂರೆ ಸ್ವೀಡಿಷ್‌ನಲ್ಲಿ ಒಂದೇ ಮಾತು ಕೇಳಿದ: ಮರಿ ಏನಾಯಿತು? ಹಾಲಿಲ್ಲದೆ ಅದು ಬದುಕುವುದಿಲ್ಲವೆಂದು ಮಧ್ಯಾಹ್ನ ವನ್ಯಜೀವಿ ಸಿಬ್ಬಂದಿ ಗುಂಡು ಹಾಕಿ ನೋವು ತಪ್ಪಿಸಿದ್ದರು. ಅಕ್ಕ ಅದನ್ನು ಹೇಳಿದಳು.

ಆದರ್ಶ ಕ್ಷಮೆ ಕೇಳುತ್ತ ಕೈ ಚಾಚಿದ. ಸ್ಟೂರೆ ತನ್ನ ಕೈಗಳನ್ನು ಜೇಬಿನಿಂದ ತೆಗೆಯಲಿಲ್ಲ. ಆದರ್ಶನ ಆ ಫೇಸ್‌ಬುಕ್ ಪೋಸ್ಟನ್ನು ನಾನೂ ಹಂಚಿಕೊಂಡಿದ್ದೆ. ಹಾಗೆಂದು ಸ್ಟೂರೆಗೆ ಹೇಳಿದೆ. ನನ್ನ ಮುಖವನ್ನೂ ಅವನು ನೋಡಲಿಲ್ಲ.