ಕೆರೆಯಿಂದ ಮರಳಿದ ಗೊಂಬೆಗಳು

“ಅಜ್ಜಿ, ಅವು ವಾಪಸ್ ಬಂದಾವ.”

ಸೋನಾಲಿ ಸ್ಕೂಲ್ ಬ್ಯಾಗನ್ನು ಎದೆಗೆ ಅವಚಿಕೊಂಡು ಮುಂಬಯಿಯ ಪವಾಯಿ ಕೆರೆಯ ದಂಡೆಯಲ್ಲಿ ನಿಂತುಬಿಟ್ಟಳು. ಬೆಳಗಿನ ಮಂಜು ಇನ್ನೂ ನೀರಿನ ಮೇಲೇ ಕೂತಿತ್ತು. ಅಂತರಗಂಗೆಯ ಎಲೆಗಳ ನಡುವೆ ಪುಟ್ಟ ಪುಟ್ಟ ಮುಖಗಳು ಅಂಗಾತ ತೇಲುತ್ತಿದ್ದವು. ಎಲ್ಲವುಗಳ ಕಣ್ಣೂ ತೆರೆದಿತ್ತು. ಗಾಳಿ ಇರಲಿಲ್ಲ, ಆದರೂ ಅವು ಮೆಲ್ಲಗೆ ದಂಡೆಯ ಕಡೆಗೇ ಬರುತ್ತಿದ್ದವು.

ಅಜ್ಜಿ ಚನ್ನವ್ವ ಕೈ ಮುಗಿದಳು. “ಶಿವಾ, ಕಲ್ಲು ಕಟ್ಟಿ ಬಿಟ್ಟಿದ್ವಲ್ಲ.”

“ಚೀಲದ ಗಂಟು ಬಿಚ್ಚೇತಿ ಅಜ್ಜಿ. ಅವು ಪ್ಲಾಸ್ಟಿಕ್. ಒಳಗ ಖಾಲಿ.”

ಅವು ಒಂದು ಚಹಾ ಕಂಪನಿಯ ಗೊಂಬೆಗಳು. ದೀಪಾವಳಿಗೆ ಚಹಾಪುಡಿಯ ಪ್ಯಾಕೆಟ್ ಜೊತೆ ಫ್ರೀ ಕೊಡಲೆಂದು ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ತಯಾರಾಗುತ್ತಿದ್ದವು. ಸೋನಾಲಿಯ ಅಪ್ಪ ಕಾಶಪ್ಪ ಅಲ್ಲೇ ಕೆಲಸಕ್ಕಿದ್ದ. ಅಜ್ಜಿ ಅಲ್ಲೇ ಕಸ ಗುಡಿಸುತ್ತಿದ್ದಳು. ತುಟಿಯ ಬಣ್ಣ ಜಾರಿ ರಿಜೆಕ್ಟ್ ಆದ ಗೊಂಬೆಗಳನ್ನು ಗ್ರೈಂಡರಿಗೆ ಹಾಕಿ ಪುಡಿ ಮಾಡುವುದು ಅಪ್ಪನ ಜವಾಬ್ದಾರಿ. ಹಬ್ಬಕ್ಕೆ ಮೊದಲು ಒಂದು ಗೊಂಬೆ ಹೊರಗೆ ಕಂಡರೂ ಅವನ ನೌಕರಿ ಹೋಗುತ್ತಿತ್ತು.

ಆದರೆ ಅಜ್ಜಿಗೆ ತಡೆಯಲಾಗಿರಲಿಲ್ಲ. “ಕಣ್ಣು ಬರೆದ ಮ್ಯಾಲ ಪುಡಿ ಮಾಡಬಾರ್ದು, ನೀರಿಗೆ ಬಿಡಬೇಕು,” ಎಂದು ನಿನ್ನೆ ಸಂಜೆ ಅಪ್ಪನಿಗೆ ಹೇಳದೆ ಚೀಲ ಹೊತ್ತು ತಂದಿದ್ದಳು. ಊರಲ್ಲಿ ಪೂಜೆ ಮುಗಿದ ಮಣ್ಣಿನ ಮೂರ್ತಿಗಳನ್ನು ಹಾಗೇ ಕಳಿಸುತ್ತಿದ್ದರು. ಕಲ್ಲು ಹುಡುಕಿ ಕೊಟ್ಟವಳು ಸೋನಾಲಿ.

“ಏ ಸೋನಾಲಿ, ಕ್ರೊಕೊಡೈಲ್ ಬಂತೇನು?” ಅವಳ ಕ್ಲಾಸಿನ ಪ್ರಶಾಂತ ಸೈಕಲ್ ನಿಲ್ಲಿಸಿದ. ನೀರಿನತ್ತ ನೋಡಿದವನ ನಗು ನಿಂತಿತು. “ಅರೆ, ಇವು ನಮ್ಮನ್ನೇ ನೋಡ್ತಾವಲ್ಲ.”

“ಹೂಂ. ನಿನ್ನ ಹೆಸರು ಕೇಳಾಕತ್ತಾವ.”

ಪ್ರಶಾಂತ ತಿರುಗಿ ನೋಡದೆ ಪೆಡಲ್ ತುಳಿದ.

ಸೋನಾಲಿ ಪುಸ್ತಕಗಳನ್ನು ಹೊರಗೆ ತೆಗೆದಳು. ಅಜ್ಜಿ ಕೋಲಿನಿಂದ ಒಂದೊಂದನ್ನೇ ಎಳೆದು ಕೊಟ್ಟಳು; ಬ್ಯಾಗು ತುಂಬಿತು. ವಿಕ್ರೋಳಿಗೆ ಹೋಗುವಾಗ ರಿಕ್ಷಾ ಕುಲುಕಿದಾಗಲೆಲ್ಲ ಬ್ಯಾಗಿನೊಳಗೆ ಟಕ್ ಟಕ್ ಎನ್ನುತ್ತಿತ್ತು, ಯಾರೋ ಒಳಗಿನಿಂದ ಬಾಗಿಲು ಬಡಿದಂತೆ.

ಕಾರ್ಖಾನೆಯ ಗ್ರೈಂಡರ್ ಕೋಣೆಯಲ್ಲಿ ಒದ್ದೆ ಗೊಂಬೆಗಳನ್ನು ನೋಡಿ ಅಪ್ಪ ಬಾಗಿಲು ಮುಂದೆ ಮಾಡಿದ. “ಅವ್ವಾ, ಏನ್ ಮಾಡಿದಿ ಇದು? ಯಾರಾರ ಫೋಟೋ ಹೊಡದಿದ್ರ ನಾನು ಬೀದಿಗೆ ಬೀಳ್ತಿದ್ದೆ.”

“ತಪ್ಪಾತು ಮಗಾ. ಆದ್ರ ಅವು ನೋಡೂಮುಂದ ಹ್ಯಾಂಗ ಹಾಕ್ತಿ?”

ಅಪ್ಪ ಬ್ಯಾಗನ್ನು ಗ್ರೈಂಡರಿನ ಬಾಯಿಗೆ ಒಯ್ದು, ಮುಖ ಗೋಡೆಯ ಕಡೆ ತಿರುಗಿಸಿದ. ಸೋನಾಲಿ ಅವನ ಕಣ್ಣು ನೋಡಿದಳು. ಬಿಗಿಯಾಗಿ ಮುಚ್ಚಿದ್ದವು.

ಆ ಕಣ್ಣುಗಳಿಗೆ ಅಂಜುವವಳು ಅಜ್ಜಿಯೊಬ್ಬಳೇ ಅಲ್ಲ.

“ಅಪ್ಪಾ,” ಎಂದಳು ಮೆಲ್ಲಗೆ, “ಬಣ್ಣ ಒರಸೂ ಥಿನ್ನರ್ ಐತಲ್ಲ. ಕಣ್ಣಷ್ಟ ಒರಸಿದ್ರ?”

ಅಪ್ಪ ಥಿನ್ನರ್ ಡಬ್ಬಿ ತಂದು ಅಜ್ಜಿಯ ಮುಂದೆ ಇಟ್ಟು, ತಾನೂ ಒಂದು ಚಿಂದಿ ಹಿಡಿದು ಕೂತ.

ಸೋನಾಲಿ ಗೊಂಬೆ ಕೊಡುತ್ತ ಹೋದಳು. ಚಿಂದಿ ಕಪ್ಪಾಯಿತು. ಮುಖಗಳು ಒಂದೊಂದಾಗಿ ಖಾಲಿಯಾದವು. ಈಗ ಅವು ಯಾರನ್ನೂ ನೋಡುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೂ ಅಜ್ಜಿಯ ತುಟಿ ಶಿವನ ಜಪದಲ್ಲಿ ಅಲುಗುತ್ತಲೇ ಇತ್ತು. ಹೊರಗೆ ಸೂಪರ್‌ವೈಸರ್ “ಕಾಶಪ್ಪ, ಆಯಿತಾ?” ಎಂದು ಕೂಗಿದರು.

ಅಪ್ಪ ಗೊಂಬೆಗಳನ್ನು ಗ್ರೈಂಡರಿಗೆ ಸುರಿದು, ಸ್ವಿಚ್ಚಿನ ಮೇಲೆ ಬೆರಳಿಟ್ಟು, ಅಜ್ಜಿಯ ತುಟಿ ನಿಲ್ಲುವುದನ್ನೇ ಕಾಯುತ್ತಿದ್ದ. ಸೋನಾಲಿಯೂ ಕಾದಳು.