ಹನ್ನೊಂದನೇ ಪೆಟ್ಟಿಗೆಯ ದುಂಬಿಗಳು

2025ರ ಸೆಪ್ಟೆಂಬರ್ 16, ಮಂಗಳವಾರ, ಬೆಳಿಗ್ಗೆ 10.20ಕ್ಕೆ ಮೂಡುಬಿದಿರೆ ಠಾಣೆಗೆ ಒಂದು ಕಳವಿನ ದೂರು ಬಂತು. ದೂರುದಾರಳು ಅಶ್ವಿತಾ, ಊರಿನ ಒಂದು ಖಾಸಗಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು. ಕಳವಾದದ್ದು ಒಂದು ಮರದ ಪೆಟ್ಟಿಗೆ ಮತ್ತು ಅದರೊಳಗೆ ಸೂಜಿಗೆ ಚುಚ್ಚಿಟ್ಟಿದ್ದ ಹದಿನಾಲ್ಕು ಸೆಗಣಿ ದುಂಬಿಗಳು.

ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಇರ್ಷಾದ್ ಪೆನ್ನು ಎತ್ತಿ ಇನ್ಸ್‌ಪೆಕ್ಟರ್ ಕಾಂತಿಯವರ ಮುಖ ನೋಡಿದ. ಕಾಂತಿ ನಗಲಿಲ್ಲ. ಎದುರಿಗೆ ಕುಳಿತವಳನ್ನು ಕೇಳಿದರು.

“ಬೆಲೆ ಎಷ್ಟು ಅಂತ ಬರೆಯುದು?”

“ಬೆಲೆ ಇಲ್ಲ ಮೇಡಂ. ಶುಕ್ರವಾರ ಸಂಜೆ ಐದೂವರೆ ಒಳಗೆ ಅವುಗಳ ಫೋಟೋ ಸಂಶೋಧನಾ ಪತ್ರಿಕೆಗೆ ಕಳಿಸ್ಬೇಕು. ಇಲ್ಲದಿದ್ರೆ ಲೇಖನ ತಿರಸ್ಕಾರ ಆಗ್ತದೆ. ಲೇಖನ ಇಲ್ಲದೆ ಪ್ರಬಂಧ ಸಲ್ಲಿಸ್ಲಿಕ್ಕೆ ಬಿಡುದಿಲ್ಲ. ನನ್ನ ನೋಂದಣಿ ಈ ತಿಂಗಳಿಗೆ ಮುಗೀತದೆ.”

“ಫೋಟೋ ಮೊದಲೇ ತೆಗೆದಿಲ್ವಾ?”

“ಬೆನ್ನಿನ ಕಡೆಯದ್ದು ಉಂಟು. ಮುಂಗಾಲು ಕಾಣುವ ಹಾಗೆ ಬೇಕಂತೆ. ಪತ್ರಿಕೆಯವರಿಗೆ ನನ್ನ ಮಾತಿನ ಮೇಲೆ ನಂಬಿಕೆ ಇಲ್ಲ.”

ನಂಬಿಕೆ ಬಾರದ್ದಕ್ಕೆ ಕಾರಣವಿತ್ತು. ಕಕ್ಕಿಂಜೆಯ ತೋಟಗಳಲ್ಲಿ ಘಟ್ಟದ ಕಾಡಿನ ದುಂಬಿ ಸಿಕ್ಕಿದೆಯೆಂದು 1998ರಲ್ಲಿ ಒಂದು ಲೇಖನ ಪ್ರಕಟವಾಗಿತ್ತು. ಕಾಡು ಹೋಗಿ ತೋಟ ಬಂದರೂ ಅದು ಬದುಕುತ್ತದೆ ಎಂದು ಹೇಳಲು ದೇಶವಿದೇಶಗಳ ಅರವತ್ತೊಂದು ಲೇಖನಗಳು ಆ ಒಂದೇ ಲೇಖನವನ್ನು ಆಧಾರವಾಗಿ ಕೊಟ್ಟಿದ್ದವು. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದದ್ದೇ ಹೆಚ್ಚು. ಅಶ್ವಿತಾ ಮಾತ್ರ ಆ ಲೇಖನದ ದುಂಬಿಗಳಿದ್ದ ಹನ್ನೊಂದನೇ ಪೆಟ್ಟಿಗೆ ಬಿಚ್ಚಿ ಭೂತಕನ್ನಡಿ ಹಿಡಿದಳು. ಕಾಡಿನ ದುಂಬಿಯ ಮುಂಗಾಲಿನಲ್ಲಿ ಮೂರು ಹಲ್ಲುಗಳಿರುತ್ತವೆ. ಇವಕ್ಕೆ ನಾಲ್ಕಿದ್ದವು. ಅವು ಗದ್ದೆ ಬದಿಯ ಮಾಮೂಲಿ ದುಂಬಿಗಳು.

ಆ ಹಳೆಯ ಲೇಖನ ಯಾರದ್ದು ಎಂದು ಕಾಂತಿ ಅಂದು ಕೇಳಲಿಲ್ಲ. ಕೇಳಬೇಕಿತ್ತೆಂದು ಆಮೇಲೆ ಕೇಸ್ ಡೈರಿಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ.

ಭಾರತೀಯ ನ್ಯಾಯ ಸಂಹಿತೆಯ ಕಲಂ 305ರಡಿ ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಸ್ಥಳ ಪಂಚನಾಮೆ. ಕಾಲೇಜಿನ ವಸ್ತು ಸಂಗ್ರಹಾಲಯ ಎಂದರೆ ಒಂದು ಕೋಣೆ, ಒಂದು ಗೋಡೆ ಕಪಾಟು, ಸಾಲಾಗಿ ಇಪ್ಪತ್ನಾಲ್ಕು ಪೆಟ್ಟಿಗೆಗಳು. ಹನ್ನೊಂದನೆಯದು ಇದ್ದಲ್ಲಿ ಧೂಳಿಲ್ಲದ ಚೌಕ ಮಾತ್ರ ಉಳಿದಿತ್ತು. ಬೀಗ ಮುರಿದಿರಲಿಲ್ಲ.

ಕೀ ಇದ್ದದ್ದು ಅಟೆಂಡರ್ ಹುಕ್ರಪ್ಪನ ಹತ್ತಿರ.

“ಪೆಟ್ಟಿಗೆ ಕೊನೆಗೆ ನೋಡಿದ್ದು ಯಾವಾಗ?”

“ಹೋದ ಶುಕ್ರವಾರ. ಅಶ್ವಿತಾ ಮೇಡಂ ನೋಡಿ ಮುಚ್ಚಿದ್ದು.”

“ಆಮೇಲೆ ಹೊರಗಿನವರು ಯಾರು ಬಂದಿದ್ದಾರೆ?”

“ಯಾರೂ ಬರ್ಲಿಲ್ಲ ಮೇಡಂ.”

ವಿಭಾಗದ ಮುಖ್ಯಸ್ಥ ವೇಣುಗೋಪಾಲ ಕಾಂತಿಯವರನ್ನು ಬದಿಗೆ ಕರೆದು ದನಿ ತಗ್ಗಿಸಿದರು. “ನಾನು ಹೇಳಿದೆ ಅಂತ ಬೇಡ. ಈಗ ವರ್ಷಕ್ಕೆ ಎಷ್ಟು ಲೇಖನ ಅಂತಲೇ ಎಲ್ಲರೂ ಕೇಳುದು. ಇಲ್ಲದ್ದನ್ನು ಬರೆಯುವವರೂ ಇದ್ದಾರೆ. ಹುಳವೇ ಕಾಣೆಯಾದ್ರೆ ಪರೀಕ್ಷೆ ಮಾಡುವವರು ಯಾರು?”

ಅಶ್ವಿತಾಳೇ ಬಚ್ಚಿಟ್ಟಿರಬಹುದೆಂಬ ಆ ಮಾತು ತಳ್ಳಿಹಾಕುವಂತಿರಲಿಲ್ಲ. ಬುಧವಾರ ಅಶ್ವಿತಾಳ ಹಾಸ್ಟೆಲ್ ಕೋಣೆಯನ್ನು ಶೋಧಿಸಿದರು. ಮಂಚದ ಕೆಳಗೆ, ಸೂಟ್‌ಕೇಸಿನಲ್ಲಿ, ಬಟ್ಟೆಗಳ ನಡುವೆ ಎಲ್ಲೂ ಏನೂ ಸಿಗಲಿಲ್ಲ. ಬಾಗಿಲ ಹೊರಗೆ ಹುಡುಗಿಯರು ಗುಂಪುಗೂಡಿ ನೋಡುತ್ತಿದ್ದರು. ಅಶ್ವಿತಾ ಗೋಡೆಗೆ ಒರಗಿ ನಿಂತು ಅತ್ತಳು. ದೂರು ಕೊಟ್ಟವಳೇ ಕಳ್ಳಿಯ ಹಾಗೆ ನಿಲ್ಲಬೇಕಾಯಿತಲ್ಲ ಎಂದು ಇರ್ಷಾದನಿಗೆ ಬೇಸರವಾಯಿತು.

ಗುರುವಾರ ಮಧ್ಯಾಹ್ನ 3 ಗಂಟೆಗೆ ಮತ್ತೆ ಸಂಗ್ರಹಾಲಯದ ಕೋಣೆ. ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿಸುತ್ತಿದ್ದಾಗ ಇರ್ಷಾದ್ ಸೀನಿದ.

“ಎಂತ ಮಾರಾಯ?”

“ನಮ್ಮ ಅಜ್ಜಿಯ ಟ್ರಂಕಿನ ವಾಸನೆ ಮೇಡಂ. ನುಸಿಗುಳಿಗೆ.”

ಕಾಂತಿ ಬಾಗಿ ನೋಡಿದರು. ಪೆಟ್ಟಿಗೆಯ ಮೂಲೆಯಲ್ಲಿ ಬಿಳಿ ಬಟ್ಟೆಯ ಒಂದು ಪುಟ್ಟ ಗಂಟು, ಕೆಂಪು ನೂಲಿನಿಂದ ಕಟ್ಟಿದ್ದು, ಸೂಜಿಯಿಂದ ಚುಚ್ಚಿ ನಿಲ್ಲಿಸಿದ್ದು. ಇಪ್ಪತ್ತಮೂರು ಪೆಟ್ಟಿಗೆಗಳಲ್ಲೂ ಇತ್ತು. ಬಟ್ಟೆ ಹೊಸದು.

“ಇದು ನೀವು ಇಟ್ಟದ್ದಾ?”

“ಇಲ್ಲ. ನಾವು ಡಬ್ಬಿಯಲ್ಲಿ ಹಾಕಿಡುದು,” ಎಂದಳು ಅಶ್ವಿತಾ. “ಅದೂ ಜೂನಿನಲ್ಲೇ ಮುಗಿದಿದೆ. ಬೇಕು ಅಂತ ಬರೆದುಕೊಟ್ಟು ಮೂರು ತಿಂಗಳಾಯ್ತು, ಬರ್ಲಿಲ್ಲ.”

“ಕದಿಯಲಿಕ್ಕೆ ಬಂದವ ಉಳಿದ ಹುಳಗಳಿಗೆ ನುಸಿ ಹಿಡಿಯಬಾರದು ಅಂತ ಗುಳಿಗೆ ಇಟ್ಟು ಹೋಗ್ತಾನಾ?”

ಹುಕ್ರಪ್ಪನ ಮುಖ ಬಿಳಿಚಿಕೊಂಡಿತ್ತು.

“ಹುಕ್ರಪ್ಪ, ಹೀಗೆ ಕಟ್ಟುವವರು ಯಾರು?”

“ನಮ್ಮ ಉದಯಶಂಕರ ಸರ್ ಒಬ್ರೇ. ರಿಟೈರ್ ಆಗಿ ಒಂಬತ್ತು ವರ್ಷ ಆಯ್ತು. ಶನಿವಾರ ಹಳೆ ವಿದ್ಯಾರ್ಥಿಗಳ ಸಭೆಗೆ ಬಂದಿದ್ರು. ಕೀ ಕೇಳಿದ್ರು, ಕೊಟ್ಟೆ. ಹೋಗುವಾಗ ಕೈಯಲ್ಲಿ ಚೀಲ ಇತ್ತು.”

“ಹೊರಗಿನವರು ಯಾರೂ ಬರ್ಲಿಲ್ಲ ಅಂದ್ರಿ!”

“ಅವರು ಹೊರಗಿನವರಾ ಮೇಡಂ? ಈ ಕೋಣೆ ಮಾಡಿದ್ದೇ ಅವರು.”

ಆಗ ಅಶ್ವಿತಾ ಹೇಳಿದಳು: 1998ರ ಲೇಖನ ಉದಯಶಂಕರರದ್ದೇ. ಅವರಿಗೆ ಹೇಳದೆ ಪ್ರಕಟಿಸುವುದು ಸರಿಯಲ್ಲವೆಂದು ಆಗಸ್ಟಿನಲ್ಲಿ ತನ್ನ ಕರಡನ್ನು ತಾನೇ ಅವರಿಗೆ ಕಳಿಸಿದ್ದಳು. ಉತ್ತರ ಬಂದಿರಲಿಲ್ಲ.

ಅಂದು ಸಂಜೆ ಪುಂಜಾಲಕಟ್ಟೆಯ ಅವರ ಮನೆಗೆ ಬೀಗವಿತ್ತು. ಅವರು ಬೆಳ್ತಂಗಡಿಯ ನೆಂಟರ ಮನೆಗೆ ಹೋಗಿದ್ದರು, ಮರುದಿನ ಮರಳುವವರಿದ್ದರು. ಶುಕ್ರವಾರ ಮಧ್ಯಾಹ್ನದವರೆಗೆ ಕಾಂತಿಯವರಿಗೆ ಬಂದೋಬಸ್ತ್ ಡ್ಯೂಟಿ ಬಿತ್ತು. ಅಶ್ವಿತಾ ಬೆಳಿಗ್ಗೆ ಒಂಬತ್ತರಿಂದ ಠಾಣೆಯ ಬೆಂಚಿನಲ್ಲಿ ಕ್ಯಾಮೆರಾದ ಚೀಲ ತಬ್ಬಿಕೊಂಡು ಕುಳಿತಿದ್ದಳು. ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದಳು. ಜೀಪು ಹೊರಟಾಗ 2.50.

ಪುಂಜಾಲಕಟ್ಟೆಯ ಆ ಮನೆ ತಲುಪಿದಾಗ 3.55. ಸ್ಥಳೀಯ ಠಾಣೆಗೆ ಮಾಹಿತಿ ಕೊಟ್ಟು ನೆರೆಯ ಇಬ್ಬರನ್ನು ಪಂಚರಾಗಿ ಕರೆದದ್ದಾಯಿತು. ಬಾಗಿಲು ತೆರೆದ ಉದಯಶಂಕರರು ಪೊಲೀಸರನ್ನು ನೋಡಲಿಲ್ಲ, ಅಶ್ವಿತಾಳನ್ನು ನೋಡಿದರು.

“ಪತ್ರಿಕೆಯವರು ಏನು ಹೇಳಿದ್ರು?”

“ಮುಂಗಾಲಿನ ಫೋಟೋ ಬೇಕಂತೆ ಸರ್. ಇವತ್ತೇ ಕಡೆ ದಿನ.”

ಅವರು ಒಳಗೆ ನಡೆದರು. ಕಿಟಕಿಯ ಬಳಿ ಮೇಜು, ಅದರ ಮೇಲೆ ಹನ್ನೊಂದನೇ ಪೆಟ್ಟಿಗೆ. ಇರುವೆ ಹತ್ತದಂತೆ ಮೇಜಿನ ನಾಲ್ಕು ಕಾಲುಗಳನ್ನೂ ನೀರು ತುಂಬಿದ ಬಟ್ಟಲುಗಳಲ್ಲಿ ಇಟ್ಟಿದ್ದರು.

“ಯಾಕೆ ತಂದ್ರಿ?” ಕಾಂತಿ ಕೇಳಿದರು.

“ಸುಡ್ಲಿಕ್ಕೆ.”

“ಸುಡ್ಲಿಲ್ಲ ಯಾಕೆ?”

“ಒಲೆಯ ಹತ್ರ ಎರಡು ಸಲ ತೆಗೊಂಡು ಹೋದೆ. ಕೈ ಬರ್ಲಿಲ್ಲ. ಹಲ್ಲು ಎಣಿಸಿ ನೋಡಿದೆ. ನಾಲ್ಕೇ ಉಂಟು. ಲೇಖನ ಬರೆಯುವಾಗ ಒಮ್ಮೆ ಬೆಳಕಿಗೆ ಹಿಡಿದು ನೋಡಿದ್ದು, ಮತ್ತೆ ನೋಡ್ಲಿಲ್ಲ. ಇಡೀ ಜೀವಮಾನಕ್ಕೆ ಹತ್ತು ಜನ ಓದಿದ್ದು ಅದೊಂದೇ ಲೇಖನ ಮೇಡಂ.”

4.20. ಈಗ ಇನ್ನೊಂದು ಕಂಟಕ. ವಶಪಡಿಸಿಕೊಂಡ ಸೊತ್ತಿಗೆ ಸೀಲು ಹಾಕಬೇಕು. ಸೀಲು ಬಿದ್ದರೆ ಮತ್ತೆ ತೆಗೆಯಲು ನ್ಯಾಯಾಲಯದ ಆದೇಶ ಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ.

ಕಾಂತಿ ಇರ್ಷಾದನ ಕಡೆ ತಿರುಗಿದರು. “ಸೀಲು ಹಾಕುವ ಮೊದಲು ಸೊತ್ತಿನ ಫೋಟೋ ತೆಗೀಬೇಕು ಅಂತ ಉಂಟಲ್ಲ?”

“ಉಂಟು ಮೇಡಂ.”

“ನಮ್ಮ ಮೊಬೈಲಿನಲ್ಲಿ ಇಷ್ಟು ಸಣ್ಣದು ಬರುದಿಲ್ಲ. ಇವರ ಕ್ಯಾಮೆರಾದಲ್ಲಿ ತೆಗೆಯುವ. ಹಾಗೆಯೇ ಪಂಚನಾಮೆಯಲ್ಲಿ ಬರಿ.”

ಅಶ್ವಿತಾ ಚಿಮುಟ ಹಿಡಿದಳು. ಬೆರಳುಗಳು ನಡುಗುತ್ತಿದ್ದವು. ಮೊದಲನೇ ದುಂಬಿಯನ್ನು ತಿರುಗಿಸಲು ಹೋದಾಗ ಸೂಜಿ ವಾಲಿತು. ಒಣಗಿದ ಕಾಲು ಮುರಿದರೆ ಎಲ್ಲವೂ ಮುಗಿಯಿತು.

“ನಿಲ್ಲು,” ಎಂದರು ಉದಯಶಂಕರರು. ಕಾಂತಿಯವರತ್ತ ನೋಡಿದರು. ಕಾಂತಿ ತಲೆಯಾಡಿಸಿದರು. ಉದಯಶಂಕರರು ಸೂಜಿಯನ್ನು ಎರಡು ಬೆರಳಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಕೈ ಒಂದಿಷ್ಟೂ ಅಲುಗಲಿಲ್ಲ.

“ಈಗ ತೆಗಿ. ನಾಲ್ಕೂ ಕಾಣ್ತದಾ?”

“ಕಾಣ್ತದೆ ಸರ್.”

ಹೀಗೆ ಹದಿನಾಲ್ಕು ಸಲ. 5.02ಕ್ಕೆ ಪೆಟ್ಟಿಗೆಗೆ ಸೀಲು ಬಿತ್ತು. ಪಂಚರು ಸಹಿ ಹಾಕಿದರು. 5.05ಕ್ಕೆ ಬಂಧನ. ಪೇಟೆಗೆ ಬಂದ ಮೇಲೆ ಅಶ್ವಿತಾಳ ಫೋನಿಗೆ ನೆಟ್‌ವರ್ಕ್ ಸಿಕ್ಕಿತು. ಕೊನೆಯ ಚಿತ್ರ ಹೋದದ್ದು 5.26ಕ್ಕೆ. ಜೀಪಿನ ಹಿಂದಿನ ಸೀಟಿನಿಂದ ಉದಯಶಂಕರರು ಕೇಳಿದರು, “ಹೋಯ್ತಾ?”

“ಹೋಯ್ತು ಸರ್,” ಎಂದು ಅವಳು ಅಳತೊಡಗಿದಳು.

ಆ ದಿನದ ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶದ ಎದುರು ಕಾಂತಿ ಬರೆದದ್ದು ಹೀಗಿದೆ: “ತನ್ನ ತಪ್ಪು ಬಯಲಾಗುವ ಭಯ. 27 ವರ್ಷಗಳಲ್ಲಿ 61 ಮಂದಿ ತಮ್ಮ ಬರಹಗಳಲ್ಲಿ ಆರೋಪಿಯ ಹೆಸರು ಹೇಳಿರುತ್ತಾರೆ. ಪೆಟ್ಟಿಗೆ ಬಿಚ್ಚಿ ನೋಡಿದವಳು ದೂರುದಾರಳು ಒಬ್ಬಳೇ.”