ನಡುಗಿಟಕಿಯ ಬಿಸಿಲು

೨೦೦೬ರ ಮೇ ತಿಂಗಳಲ್ಲಿ, ರೊದ್ದಂ ಬಳಿ ಬೈಜಾಂಟೈನ್ ಮಾದರಿಯಲ್ಲಿ ಕಟ್ಟುತ್ತಿದ್ದ ಚರ್ಚಿನ ವರದಿಗೆ ಹೋಗಿದ್ದೆ. ಮೇಲೆ ದೊಡ್ಡ ಗುಮ್ಮಟ, ಪೂರ್ವಕ್ಕೆ ಮೂರು ಕಿಟಕಿ. ಬೆಳಗಿನ ಏಳೂವರೆಯ ಬಿಸಿಲು ಮೂರೂ ಕಿಟಕಿಗಳಿಂದ ನೆಲಕ್ಕೆ ಬಿದ್ದಿತ್ತು. ಗುಮ್ಮಟ ಕಟ್ಟಿದ ಮೇಸ್ತ್ರಿಯೇ ಅದಕ್ಕೆ ಕೊಟ್ಟ ಕೊನೆಯ ಆಸರೆಕಂಬವನ್ನು ತೆಗೆಯುವುದು ಅಲ್ಲಿಯ ಪದ್ಧತಿ.

“ಬೂದುಗುಂಬಳ ಒಡೀಬೇಡ ಅಂದ್ಬುಟ್ರು ಪಾಸ್ಟರು. ಇದಕ್ಕೆ ನಾನೇ ಬಲಿ ಆಯ್ತೀನೇನೋ,” ಎಂದು ಮೇಸ್ತ್ರಿ ಈರಲಿಂಗಪ್ಪ ನಕ್ಕರು.

“ಬಾಯಿ ಮುಚ್ಕೊಂಡು ಕೆಲಸ ಮುಗ್ಸಿ ಈಚೆ ಬಾ,” ಎಂದು ಬಾಗಿಲಲ್ಲಿದ್ದ ಹೆಂಡತಿ ಉಡುಸಲಮ್ಮ ಗದರಿದರು.

ಈರಲಿಂಗಪ್ಪ ಕಂಬ ಎಳೆದರು. ಗುಮ್ಮಟ ಅಲುಗಲಿಲ್ಲ. ಮೇಲಿನಿಂದ ತಂಡಿ ಇಳಿಯಿತು. ಅವರು ಬಾಯಿ ತೆರೆಯುವ ಮೊದಲೇ ಗುಮ್ಮಟದಿಂದ ಅವರದೇ ದನಿ ಕೇಳಿತು: “ಬತ್ತೀನಿ.”

ಮೂವರೂ ಹೊರಗೆ ಬಂದು ಬಿಸಿಲಲ್ಲಿ ನಿಂತೆವು. ನೆಲದ ಮೇಲೆ ಎರಡೇ ನೆರಳುಗಳಿದ್ದವು: ನನ್ನದು, ಉಡುಸಲಮ್ಮನದು. ತಿರುಗಿ ನೋಡಿದೆ. ಮೂರನೆಯದು ಒಳಗೆ, ನಡುಗಿಟಕಿಯ ಬಿಸಿಲಲ್ಲಿ ಹಾಗೇ ಇತ್ತು.